ಕೊಳೆ ಕೂರುವ ಜಾಗ

ಭಾನುವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ನಿಂಗರಾಜುವಿಗೆ ಮಾತ್ರ ಇನ್ನೂ ಕೊಳೆ ಹಚ್ಚುವುದಕ್ಕೆ ಬಂದಿರಲಿಲ್ಲ.

ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ, ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಮುಂದಿಟ್ಟುಕೊಂಡು ಅವನು ಕೂತಿದ್ದ. ಸೈನ್ಯದ ನಿಜವಾದ ಟ್ಯಾಂಕನ್ನು ಮೂವತ್ತೈದು ಪಟ್ಟು ಕುಗ್ಗಿಸಿದರೆ ಹೇಗಿರುತ್ತದೋ ಹಾಗಿತ್ತು ಅದು. ಹೆಂಡತಿ ಶೋಭಾರಾಣಿ ಪಕ್ಕದಲ್ಲಿ ನಿಂತು ಬೀನ್ಸ್ ಮುರಿಯುತ್ತಾ ನೋಡುತ್ತಿದ್ದಳು.

"ಅಷ್ಟು ಬ್ಯಾಡ್ರೀ. ಬ್ರಶ್ಶು ಒರೆಸ್ಕೊಳ್ರಿ ಮೊದ್ಲು."

"ಒರೆಸೀನಿ."

"ಎರಡೂ ಕಡೆ ಒಂದೇ ಸಮ ಹಚ್ಚಬ್ಯಾಡ್ರಿ."

"ಯಾಕ? ಎಡಗಡೆ ಚೈನಿಗೆ ಎಷ್ಟು ಕೆಸರು ಬಡೀತೈತೋ ಬಲಗಡೆಗೂ ಅಷ್ಟೇ ಬಡೀತೈತೆ. ಗಾಡಿ ಒಂದೇ ಅಲ್ಲೇನು?"

ಅವನದು ಅಳತೆಯ ಕೆಲಸ. ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ತಿರುಗಿ ಕಳಿಸುತ್ತಿದ್ದ. ಟ್ಯಾಂಕಿನ ಇನ್ನೂರು ಮುನ್ನೂರು ತುಣುಕುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿದರೆ ಬೆಸುಗೆ ಎಲ್ಲಿದೆ ಎಂದು ಹುಡುಕಬೇಕಿತ್ತು. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಹಸಿರು ಬಣ್ಣ ಬಳಿದ ಮೇಲೆ ಅದು ಆಟಿಕೆ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕಾಣುತ್ತಿತ್ತು. ಮರಳಲ್ಲಿ ಓಡಾಡಿದ, ಎಣ್ಣೆ ಸೋರಿದ, ಬಿಸಿಲಿಗೆ ಸುಟ್ಟ ಗಾಡಿ ಅನ್ನಿಸುತ್ತಿರಲಿಲ್ಲ.

ಹಾಗೆ ಅನ್ನಿಸುವಂತೆ ಮಾಡುತ್ತಿದ್ದವಳು ಶೋಭಾರಾಣಿ. ಶುರುವಾದದ್ದು ತಪ್ಪಿನಿಂದ. ನಾಲ್ಕು ವರ್ಷದ ಹಿಂದೆ, ಮೇಜು ಒರೆಸುವಾಗ ಅವಳ ಕೈ ತಾಗಿ ಕಂದು ಬಣ್ಣದ ನೀರು ಟ್ಯಾಂಕಿನ ಮೇಲೆ ಚೆಲ್ಲಿತ್ತು. ಗಾಬರಿಯಲ್ಲಿ ಹಳೇ ಬನಿಯನ್ ತುಂಡಿನಿಂದ ಒರೆಸಿದಳು. ಬಟ್ಟೆ ಹೋದಲ್ಲಿ ಬಣ್ಣ ಹೋಯಿತು, ಬಟ್ಟೆ ಹೋಗದ ಸಂದಿಯಲ್ಲಿ ಉಳಿಯಿತು. ಕಿಟಕಿಯ ಸರಳುಗಳ ಬುಡದಲ್ಲಿ, ಮಿಕ್ಸಿಯ ಗುಂಡಿಗಳ ಸುತ್ತ, ಬಾಗಿಲ ಚಿಲಕದ ಹಿಂದೆ ಅವಳು ದಿನವೂ ಕಡ್ಡಿ ಹಾಕಿ ಕೆರೆಯುವ ಕೊಳೆ ಹೇಗೆ ಕೂತಿರುತ್ತದೋ ಹಾಗೇ. ನಿಂಗರಾಜು ಬಂದವನೇ "ಯಾರು ಮುಟ್ಟಿದ್ದು?" ಎಂದು ಗದರಿದ. ಆಮೇಲೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆವತ್ತು, ಇಂಥ ಮಾದರಿ ಕಟ್ಟುವವರ ಮೊಬೈಲ್ ಬಳಗಕ್ಕೆ ಅವನು ಕಳಿಸಿದ ಫೋಟೋಗೆ ಬಂದಷ್ಟು ಹೊಗಳಿಕೆ ಹಿಂದೆಂದೂ ಬಂದಿರಲಿಲ್ಲ.

ಅಂದಿನಿಂದ, ಕೆಲಸಕ್ಕೆ ಹೊರಡುವಾಗ, ಸಂಜೆಗೆ ಚಟ್ನಿ ಅರೆದಿಡು ಅನ್ನುವ ಹಾಗೆ ಹೇಳಿ ಹೋಗುತ್ತಿದ್ದ: "ಸ್ವಲ್ಪ ಕೊಳೆ ಮಾಡಿಡು."

"ಮನಿ ತುಂಬಾ ಕೊಳೆ ತೆಗಿಯೋಕಿ, ಮಧ್ಯಾಹ್ನ ಕುಂತು ಕೊಳೆ ಹಚ್ಚತಾಳೆ ನೋಡವ್ವ" ಎಂದು ಅತ್ತೆ ಮೈಲಮ್ಮ ಪಕ್ಕದ ಮನೆಯವರಿಗೆ ಹೇಳಿ ನಗುತ್ತಿದ್ದಳು.

ಮಧ್ಯಾಹ್ನದ ಪಾತ್ರೆ ಮುಗಿದು ಸಂಜೆಯ ಚಹಾಕ್ಕೆ ನೀರಿಡುವವರೆಗಿನ ಒಂದೂವರೆ ಗಂಟೆ ಅದು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಶೋಭಾರಾಣಿ ಮಾಡಿದ ಯಾವ ಕೆಲಸವೂ ಮಾರನೇ ದಿನದವರೆಗೆ ಉಳಿದದ್ದಿಲ್ಲ. ಒರೆಸಿದ ನೆಲದ ಮೇಲೆ ಸಂಜೆಗೆ ಹೆಜ್ಜೆ ಮೂಡುತ್ತಿತ್ತು, ಮಡಚಿದ ಬಟ್ಟೆ ಬುಟ್ಟಿಗೆ ವಾಪಸಾಗುತ್ತಿತ್ತು, ಮಾಡಿದ ಅಡುಗೆ ಖಾಲಿಯಾಗುತ್ತಿತ್ತು. ಟ್ಯಾಂಕಿಗೆ ಹಚ್ಚಿದ ಕೊಳೆ ಮಾತ್ರ ಹಚ್ಚಿದಲ್ಲೇ ಇರುತ್ತಿತ್ತು. ಗಾಜಿನ ಕಪಾಟಿನಲ್ಲಿ ಹನ್ನೊಂದು ಟ್ಯಾಂಕುಗಳು ನಿಂತಿದ್ದವು. ಅವುಗಳ ಮುಂದೆ ಹಾದುಹೋಗುವಾಗ ಅವಳು ತನಗೇ ಗೊತ್ತಿಲ್ಲದಂತೆ ಒಂದು ಗಳಿಗೆ ನಿಲ್ಲುತ್ತಿದ್ದಳು.

ಈಗ ಹರಿಹರದಲ್ಲಿ ಬಳಗದವರು ಭಾನುವಾರಕ್ಕೆ ಪ್ರದರ್ಶನ ಇಟ್ಟಿದ್ದರು. ಬಳಗ ನಡೆಸುವ ಫೋಟೋ ಸ್ಟುಡಿಯೋದ ವೀರೇಶ್ ಫೋನು ಮಾಡಿ, "ನಿಂಗರಾಜಣ್ಣ, ಆ ಕೊಳೆ ಹೆಂಗೆ ಹಚ್ಚತೀರಿ ಅಂತ ಎಲ್ಲರ ಮುಂದೆ ಮಾಡಿ ತೋರಿಸ್ಬೇಕು ನೋಡ್ರಿ" ಅಂದ. ನಿಂಗರಾಜು ಹೂಂ ಅಂದುಬಿಟ್ಟ.

ಅಂದಿನಿಂದ ಶೋಭಾರಾಣಿಗೆ ಊಟ ಸೇರಲಿಲ್ಲ. ಅವನಿಗೆ ಅವಮಾನವಾದೀತು ಎಂಬುದಷ್ಟೇ ಅವಳ ಹೆದರಿಕೆಯಲ್ಲ. ಅವಮಾನವಾದ ಕೆಲಸಕ್ಕೆ ಅವನು ಮತ್ತೆ ಕೈ ಹಚ್ಚುವವನಲ್ಲ. ಷಟಲ್‌ನಲ್ಲಿ ಕಿರಿಯನೊಬ್ಬನಿಗೆ ಸೋತ ದಿನವೇ ರಾಕೆಟ್ಟನ್ನು ಯಾರಿಗೋ ಕೊಟ್ಟು ಬಂದವನು. ಭಾನುವಾರ ಮುಖಭಂಗವಾದರೆ ಬಣ್ಣದ ಡಬ್ಬಿಗಳೆಲ್ಲ ಅಟ್ಟಕ್ಕೆ ಹೋಗುತ್ತವೆ, ಅವುಗಳ ಜೊತೆ ಅವಳ ಒಂದೂವರೆ ಗಂಟೆಯೂ ಹೋಗುತ್ತದೆ. ಅದು ಅವಳು ಬೇಕು ಎಂದು ಕೇಳಿ ಪಡೆದದ್ದಲ್ಲ. ಹೋದರೆ ಹೋಯಿತೆಂದು ಹೇಳಿಕೊಳ್ಳುವುದು ಯಾರ ಹತ್ತಿರ?

ಹಾಗಾಗಿ ಮೂರು ದಿನ ಕಲಿಸಿದಳು. ಅವನು ಕಲಿಯಲಿಲ್ಲ. ಶನಿವಾರ ಅವನೇ ಒಂದು ಉಪಾಯ ಹೇಳಿದ.

"ನೀನೂ ಬಾ. ನನ್ನ ಪಕ್ಕ ಕೂಡು, ಸಾಮಾನು ಕೊಡೋಕಿ ಥರ. ನಾನು ಮಾತಾಡ್ಕೊಂತ ಮಾಡ್ತೀನಿ. ತಪ್ಪಿದ್ರೆ ಮೇಜಿನ ಕೆಳಗೆ ಕಾಲು ತುಳಿ."

ಭಾನುವಾರ ಹತ್ತು ಗಂಟೆಗೆ ಸ್ಕೂಟರ್ ಹೊರಟಿತು. ಎರಡು ಟ್ಯಾಂಕುಗಳಿದ್ದ ಸ್ವೀಟ್ ಡಬ್ಬಿಯನ್ನು ಶೋಭಾರಾಣಿ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಒಂದು ಪೂರ್ತಿ ಮುಗಿದದ್ದು, ಇನ್ನೊಂದು ಬರೀ ಹಸಿರು ಬಳಿದದ್ದು. ಹಂಪ್ ಕಂಡಾಗಲೆಲ್ಲ ಡಬ್ಬಿಯನ್ನು ಎತ್ತಿ ಹಿಡಿಯುತ್ತಿದ್ದಳು. ತಾನು ಹಿಡಿದುಕೊಳ್ಳಲು ಕೈ ಉಳಿದಿರಲಿಲ್ಲ.

ಹರಿಹರದ ಸಮುದಾಯ ಭವನವೊಂದರಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ವೀರೇಶ್ ಮುಗಿದ ಟ್ಯಾಂಕನ್ನು ಬಿಳಿ ಬಟ್ಟೆಯ ಮೇಲಿಟ್ಟ. ಎಪ್ಪತ್ತರ ಹತ್ತಿರದ ಒಬ್ಬ ಮುದುಕ ಕನ್ನಡಕ ಹಣೆಗೇರಿಸಿ ಅದರ ಮೇಲೆ ಬಾಗಿದ. ಕಲ್ಲಪ್ಪ ಅಂತ, ಗುತ್ತೂರಿನವನು, ರಾಜಸ್ಥಾನದಲ್ಲಿ ಇಂಥದೇ ಟ್ಯಾಂಕು ಓಡಿಸಿ ನಿವೃತ್ತನಾದವನು ಎಂದು ವೀರೇಶ್ ಪರಿಚಯ ಮಾಡಿಸಿದ.

"ಈ ಮುಂದಿನ ಮಡ್‌ಗಾರ್ಡಿನ ಮೂಲ್ಯಾಗ ಬಣ್ಣ ಸವದೈತಲ್ಲ," ಎಂದ ಕಲ್ಲಪ್ಪ, "ಬೂಟುಗಾಲು ಇಟ್ಟು ನಾವು ಹತ್ತತಿದ್ದ ಜಾಗ ಇದು. ನಿಮಗೆ ಹೆಂಗೆ ಗೊತ್ತಾತು?"

"ಪುಸ್ತಕದಾಗೆ ಓದಿದ್ದೆ" ಎಂದ ನಿಂಗರಾಜು.

ಶೋಭಾರಾಣಿ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಡುಗೆಮನೆಯ ಹೊಸ್ತಿಲು ನಡುವಲ್ಲಿ ಸವೆದದ್ದನ್ನು ನೋಡಿ, ಈ ಗಾಡಿಗೆ ಜನ ಎಲ್ಲಿಂದ ಹತ್ತುತ್ತಾರೆಂದು ಎರಡು ಮಧ್ಯಾಹ್ನ ಯೋಚಿಸಿ ಅವಳು ಸವೆಸಿದ್ದ ಮೂಲೆ ಅದು.

ಎಲ್ಲರೂ ಮೇಜಿನ ಸುತ್ತ ಸೇರಿದರು. ನಿಂಗರಾಜು ಚೆನ್ನಾಗಿಯೇ ಶುರು ಮಾಡಿದ. ಅಳತೆ, ಅಂಟು, ಬಣ್ಣದ ಬಗ್ಗೆ ಮಾತಾಡುತ್ತಾ ಥಿನ್ನರಿನಲ್ಲಿ ತೆಳುಮಾಡಿದ ಕಂದು ಬಣ್ಣವನ್ನು ಹಸಿರು ಟ್ಯಾಂಕಿನ ಒಂದು ಮಗ್ಗುಲಿಗೆ ಬಳಿದ. ಅದು ಅರ್ಧ ಒಣಗುವವರೆಗೆ ಕಾಯಬೇಕು, ಆಮೇಲೆ ಒರೆಸಬೇಕು. ಬೇಗ ಒರೆಸಿದರೆ ಪೂರ್ತಿ ಹೋಗುತ್ತದೆ, ತಡವಾದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. "ಹತ್ತು ನಿಮಿಷ ಬಿಡಬೇಕು" ಎಂದು ಹೇಳಿ ಗಡಿಯಾರ ನೋಡಿಕೊಂಡ.

ಆಗ ಶೋಭಾರಾಣಿ ತಲೆ ಎತ್ತಿದಳು. ಮೇಲೆ ಫ್ಯಾನು ಭರ್ರನೆ ತಿರುಗುತ್ತಿತ್ತು.

ಗಾಳಿಗೆ ಬಣ್ಣ ಬೇಗ ಒಣಗಿಬಿಡುತ್ತದೆಂದು ಮನೆಯಲ್ಲಿ ಅವಳು ಫ್ಯಾನ್ ಆರಿಸಿ ಕೂರುತ್ತಿದ್ದಳು. ಬೆನ್ನಿಗೆ ರವಿಕೆ ಅಂಟಿದರೂ ಹಾಕುತ್ತಿರಲಿಲ್ಲ. ಸಂಜೆ ಬಂದು ಮುಗಿದದ್ದನ್ನಷ್ಟೇ ನೋಡುವವನಿಗೆ ಅದು ತಿಳಿದಿರಲಿಲ್ಲ. ಕಲಿಸುವಾಗಲೂ ಅವಳೇ ಫ್ಯಾನ್ ಆರಿಸಿದ್ದಳೇ ಹೊರತು, ಯಾಕೆಂದು ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಅವಳು ಅವನ ಕಾಲು ತುಳಿದಳು. ಮಾತು ಉದ್ದವಾಯಿತೆಂದು ತಿಳಿದು ಅವನು ಬೇರೆ ವಿಷಯಕ್ಕೆ ಹೋದ. ಮತ್ತೆ ತುಳಿದಳು. ಅವನು ಕಾಲನ್ನೇ ಹಿಂದಕ್ಕೆಳೆದುಕೊಂಡ. ಟ್ಯಾಂಕಿನ ಮೇಲಿನ ಹೊಳಪು ಅಂಚಿನಿಂದ ಮಂಕಾಗುತ್ತಾ ನಡುವಿಗೆ ಬರುತ್ತಿತ್ತು. ಇನ್ನೊಂದು ನಿಮಿಷ. ಅರ್ಧ ನಿಮಿಷ.

"ಫ್ಯಾನ್ ಆರಿಸ್ರೀ ಯಾರಾದ್ರೂ!"

ಕೂಗಿದ್ದು ತಾನೇ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಟ್ಯಾಂಕು ಅವಳ ಕೈಯಲ್ಲಿತ್ತು. ಹಾಲು ಉಕ್ಕುವಾಗ ಎದ್ದು ಓಡಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲವಲ್ಲ, ಹಾಗೆ. ಹತ್ತಿಯ ತುದಿಯನ್ನು ಥಿನ್ನರಿಗೆ ಮುಟ್ಟಿಸಿ, ಹಿಂಡಿ, ಮೇಲಿನಿಂದ ಕೆಳಕ್ಕೆ ಎಳೆದಳು. ಸಂದಿಗಳನ್ನು ಬಿಟ್ಟು, ಕೈ ತಾಗುವ ಕಡೆ ಒರೆಸಿ, ಮಳೆ ನೀರು ಇಳಿಯುವ ಕಡೆ ಗೆರೆ ಉಳಿಸಿದಳು. ಬಳಿದ ಮಗ್ಗುಲು ಕೆಡದೆ ಉಳಿಯಿತು. ಉಸಿರು ಬಿಟ್ಟು ಟ್ಯಾಂಕನ್ನು ಮೇಜಿನ ಮೇಲಿಟ್ಟಳು.

"ಓಹೋ," ಎಂದ ಕಲ್ಲಪ್ಪ. "ಹಂಗಾದ್ರೆ ಆ ಪುಸ್ತಕ ಈ ತಂಗೀನೇ ಏನು?"

ಜನ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ನಿಂಗರಾಜು ಕುರ್ಚಿ ಹಿಂದೆ ಸರಿಸಿ ಎದ್ದು ಹೋದ.

ಅವಳು ಹಿಂದೆಯೇ ಹೋದಳು. ಅವನು ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಮೇಲೆ ಕೂತಿದ್ದ.

"ಹತ್ತು."

"ಇನ್ನೊಂದು ಮಗ್ಗಲು ಬಾಕಿ ಐತೆ."

"ಸಾಕು. ಮನಿಗೆ ಹೋಗಿ ಎಲ್ಲಾ ಕಟ್ಟಿ ಅಟ್ಟದ ಮ್ಯಾಲೆ ಹಾಕ್ತೀನಿ. ಇವತ್ತಿಗೆ ಮುಗೀತು."

ವಾರವಿಡೀ ಅವಳ ಊಟ ಬಿಡಿಸಿದ ಮಾತು ಇದೇ. ಬಂದಾಯಿತು.

"ಹಾಕ್ರಿ," ಎಂದಳು. "ನಾನು ಇಳಿಸ್ಕೊಂತೀನಿ."

"ಏನಂದಿ?"

"ಸ್ಟೂಲು ಹತ್ತಿ ಇಳಿಸ್ಕೊಂತೀನಿ ಅಂದೆ. ಅಂಟು ಹಾಕೋದು ನಿಮ್ಮಷ್ಟು ನೀಟಾಗಿ ನಂಗೆ ಬರಲ್ಲ. ಹೇಳಿಕೊಟ್ರೆ ಕಲೀತೀನಿ. ಇಲ್ಲಾಂದ್ರೆ ಸೊಟ್ಟಪಟ್ಟ ಅಂಟಿಸ್ತೀನಿ, ಅಷ್ಟೇ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅತ್ತೆ ಹಸ್ಕೊಂಡಿರ್ತಾರೆ, ನೀವು ಹೋಗಿ ಕುಕ್ಕರಿಗೆ ಅಕ್ಕಿ ಇಟ್ಬಿಡ್ರಿ. ನಾನು ಬಸ್ಸಿಗೆ ಬರ್ತೀನಿ."

ಹೆಲ್ಮೆಟ್ಟಿನ ಒಳಗೆ ಮುಖ ಹೇಗಿದೆಯೋ ಕಾಣಲಿಲ್ಲ. "ನೀರು ಎಷ್ಟು ಹಾಕ್ಬೇಕು?" ಎಂದ, ಜಗಳದ ದನಿಯಲ್ಲೇ.

"ಒಂದಕ್ಕೆ ಎರಡೂವರೆ."

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಸ್ಕೂಟರ್ ಶುರುವಾದ ಸದ್ದು ಕೇಳಲಿಲ್ಲ. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ಒಳಗೆ ಫ್ಯಾನುಗಳೆಲ್ಲ ನಿಂತಿದ್ದವು. ಜನ ಕರಪತ್ರಗಳಿಂದ ಗಾಳಿ ಹಾಕಿಕೊಳ್ಳುತ್ತಾ ಕಾಯುತ್ತಿದ್ದರು. ಕಲ್ಲಪ್ಪ ನಿಂಗರಾಜು ಬಿಟ್ಟೆದ್ದ ಕುರ್ಚಿಯನ್ನು ಅವಳ ಕಡೆ ಎಳೆದ.

ಅವಳು ಕೂತು ಬ್ರಶ್ ಎತ್ತಿದಳು. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ, ಇನ್ನೊಂದು ಮಗ್ಗುಲಿಗೆ ಕಂದು ಬಣ್ಣ ಬಳಿದು, ಅಷ್ಟು ಜನರ ಮುಂದೆ, ಅದು ಅರ್ಧ ಒಣಗುವವರೆಗೆ ಕಾದಳು.