ಬೆಂಡೆಕಾಯಿ ಅಜ್ಜಿಯ ಕುರ್ಚಿ

ಅವರ ಎಡ ಹೆಗಲಲ್ಲಿ ಸದಾ ಒಂದು ಮಡಿಸುವ ಕುರ್ಚಿ ನೇತಾಡುತ್ತಿತ್ತು. ಹಸಿರು ಕ್ಯಾನ್ವಾಸಿನದು, ಒಂದು ಕೈ ಕಿತ್ತುಹೋಗಿ ದಪ್ಪ ದಾರದಲ್ಲಿ ಹೊಲಿದದ್ದು. ಚರ್ಚಿಗೂ ಬ್ಯಾಂಕಿಗೂ ಅದನ್ನು ಹೊತ್ತೇ ಹೋಗುತ್ತಿದ್ದರು, ನಮ್ಮ ಮನೆಯ ಗಣೇಶನ ಹಬ್ಬಕ್ಕೂ ಹೊತ್ತೇ ಬಂದರು. ಸೋಫಾ ಖಾಲಿಯಿದೆ ಎಂದರೂ ಕೇಳದೆ ತಮ್ಮ ಕುರ್ಚಿಯಲ್ಲೇ ಕೂತು ಎರಡೆರಡು ಸಲ ಕೋಸಂಬರಿ ಹಾಕಿಸಿಕೊಂಡರು.

ಡಲ್ಲಾಸ್ ಬಳಿಯ ಪ್ರಾಸ್ಪರ್ ಊರಿನಲ್ಲಿ ನಮ್ಮ ಹೊಸ ಬಡಾವಣೆ ಮುಗಿಯುವಲ್ಲಿ ಅವರ ಹೊಲ. ಕಪ್ಪುವರ್ಣೀಯ ರೈತ ಕುಟುಂಬಗಳಲ್ಲಿ ಆ ಕಡೆ ಉಳಿದಿದ್ದದ್ದು ಅವರದೊಂದೇ. ಬೇಸಿಗೆಯಲ್ಲಿ ಬೆಂಡೆಕಾಯಿ ಮಾರುತ್ತಿದ್ದರಿಂದ ನನ್ನ ಮಕ್ಕಳಿಗೆ ಅವರು ‘ಬೆಂಡೆಕಾಯಿ ಅಜ್ಜಿ’. ನಲವತ್ತೈದು ದಾಟಿದ ನಾನು ಅವರಿಗೆ ‘ಬೇಬಿ’. ಎಳಸೋ ಬಲಿತದ್ದೋ ಎಂದು ನಾನು ತುದಿ ಮುರಿದು ನೋಡಿದರೆ ಗದರುತ್ತಿದ್ದರು: “ಮುರಿದಿದ್ದು ನಿಂದೇ ಬೇಬಿ, ಚೀಲಕ್ಕೆ ಹಾಕು!”

ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಗಳಲ್ಲಿ ಫ್ರೋಜನ್ ಅವರೆಕಾಳು ಕಂಡಾಗಲೆಲ್ಲ ನನಗೆ ಸಿಟ್ಟು. ಸೊಗಡಿಲ್ಲದ ಮೇಲೆ ಅದೆಂಥ ಅವರೆ? ಕೊನೆಗೆ ಕೆಲಸ ಬಿಟ್ಟು ಅಜ್ಜಿಯ ಹೊಲದ ಒಂದು ಪಾಲನ್ನು ಗುತ್ತಿಗೆಗೆ ಹಿಡಿದೆ. ಹನಿ ನೀರಾವರಿಗೆ ಸರ್ಕಾರದ ಕೃಷಿ ಸಾಲ ಕೇಳಲು ಗಂಡನ ಜೊತೆ ಹೋದೆ. ಅಧಿಕಾರಿ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಮಣ್ಣು, ನೀರು, ಬೆಳೆ, ಎಲ್ಲ ಪ್ರಶ್ನೆಯೂ ಗಂಡನಿಗೇ. ಮೆಂತ್ಯಕ್ಕೂ ಕೊತ್ತಂಬರಿಗೂ ವ್ಯತ್ಯಾಸ ತಿಳಿಯದ ಸಾಫ್ಟ್‌ವೇರ್ ಮಹಾರಾಯ “ಬೀನ್ಸ್” ಎಂದುಬಿಟ್ಟ. ಮುಂದಿನ ತಿಂಗಳು ಬನ್ನಿ ಎಂದರು. ಅಷ್ಟರಲ್ಲಿ ಬಿತ್ತನೆಯ ಹದ ಮುಗಿದು ಆ ವರ್ಷದ ಬೆಳೆಯೇ ಕೈತಪ್ಪುತ್ತಿತ್ತು.

ಅಜ್ಜಿ ಕೇಳಿ ನಕ್ಕರು. “ನಮ್ಮಪ್ಪನಿಗೂ ಅದೇ ಹೇಳ್ತಿದ್ರು. ಬಿಳಿಯರಿಗೆ ಬಿತ್ತೋ ಮೊದಲೇ ಸಾಲ, ನಮಗೆ ಕಳೆ ಕೀಳೋ ಹೊತ್ತಿಗೆ. ಅಪ್ಪ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತೇ ಇರ್ತಿದ್ದ, ಕೂತ್ಕೋ ಅಂತ ಒಬ್ರೂ ಅನ್ಲಿಲ್ಲ. ಹಂಗೇ ಅರ್ಧ ಹೊಲ ಹೋಯ್ತು. ಆಮೇಲೆ ನಾನು ಹೋದ್ರೆ, ಗಂಡನ್ನ ಕರ್ಕೊಂಡು ಬಾ ಅಂದ್ರು. ಆವತ್ತೇ ಈ ಕುರ್ಚಿ ಕೊಂಡೆ.” ಹೇಳುತ್ತಾ ಹೇಳುತ್ತಾ ಅವರ ನಗು ನಿಂತಿತ್ತು. “ನಿಂತವರನ್ನ ಕಳಿಸೋದು ಸುಲಭ ಬೇಬಿ, ಕೂತವರನ್ನ ಎಬ್ಬಿಸೋದು ಕಷ್ಟ. ನಾಳೆ ನಾನು ಬರ್ತೀನಿ. ನಿನ್ನ ಗಂಡ ಮನೇಲೇ ಇರ್ಲಿ.”

ಮರುದಿನ ಅಧಿಕಾರಿಯ ಮೇಜಿನೆದುರು ಕುರ್ಚಿ ಬಿಡಿಸಿ ಕೂತರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಬೀಜಕ್ಕೆಂದು ಇಟ್ಟಿದ್ದ ಒಣ ಅಲಸಂದೆಕಾಯಿಯನ್ನು ಚೀಲದಿಂದ ತೆಗೆದು, ಅರ್ಧ ನನ್ನ ಮಡಿಲಿಗೆ ಸುರಿದು, ಬಿಡಿಸತೊಡಗಿದರು. ನಾಚಿಕೆಯಿಂದ ಕುಗ್ಗಿಹೋದೆ. ಆದರೆ ಕಾಳು ಬಿಡಿಸುವುದನ್ನು ನನ್ನ ಕೈಗೆ ಯಾರೂ ಕಲಿಸಬೇಕಿರಲಿಲ್ಲ. ಸಿಪ್ಪೆಯ ಚಟಪಟ ಸದ್ದಿಗೆ ಕಚೇರಿಯೆಲ್ಲ ತಿರುಗಿ ನೋಡಿತು.

“ಯಜಮಾನರು ಬರಲಿಲ್ವಾ?” ಎಂದರು ಅಧಿಕಾರಿ.

“ಬೆಳೆಯೋಳು ಇವಳು, ಇವಳನ್ನೇ ಕೇಳಿ. ನಮಗೇನು ಆತುರ ಇಲ್ಲ, ಇನ್ನೊಂದು ಚೀಲ ಕಾರಲ್ಲಿದೆ” ಎಂದರು ಅಜ್ಜಿ.

ಪ್ರಶ್ನೆಗಳು ನನ್ನ ಕಡೆ ತಿರುಗಿದವು. ಮಣ್ಣಿನಿಂದ ಮಾರುಕಟ್ಟೆಯವರೆಗೆ ಎಲ್ಲವನ್ನೂ ಪಟಪಟನೆ ಹೇಳಿದೆ. ಅರ್ಜಿ ಅಂದೇ ಒಳಗೆ ಹೋಯಿತು, ಸಾಲ ಬಿತ್ತನೆಗೆ ಮೊದಲೇ ಬಂತು. ಆ ನವೆಂಬರಿನಲ್ಲಿ ಡಲ್ಲಾಸ್‌ನ ಎಷ್ಟೋ ಕನ್ನಡದ ಮನೆಗಳಲ್ಲಿ ಹಿತಕಿದ ಬೇಳೆ ಸಾರು ಕುದಿಯಿತು. ಅಜ್ಜಿ ರುಚಿ ನೋಡಿ, “ಪರವಾಗಿಲ್ಲ, ನನ್ನ ಬೆಂಡೆಯಷ್ಟಿಲ್ಲ” ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕುರ್ಚಿ ನನಗೇ ಸೇರಬೇಕೆಂದು ಮನೆಯವರಿಗೆ ಹೇಳಿಟ್ಟಿದ್ದರಂತೆ. ಅದನ್ನು ಬಿಡಿಸಿ ಕೂರಲು ಎಷ್ಟೋ ದಿನ ನನಗೆ ಮನಸ್ಸು ಬರಲಿಲ್ಲ.

ಮೊನ್ನೆ, ಅದೇ ಹೊಲದ ಇನ್ನೊಂದು ಪಾಲು ಹಿಡಿದಿರುವ ಮೆಕ್ಸಿಕನ್ ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಬಂದಳು. ಸಾಲದ ಕಚೇರಿಯಲ್ಲಿ ಅವಳಿಗೂ ಮುಂದಿನ ತಿಂಗಳು ಬಾ ಎಂದಿದ್ದರು. ಅವಳನ್ನು ಕರೆದುಕೊಂಡು ಹೊರಟೆ. ಅದೇ ಅಧಿಕಾರಿ ನನ್ನನ್ನು ಗುರುತಿಸುವ ಮೊದಲೇ ನನ್ನ ಹೆಗಲ ಮೇಲಿದ್ದ ಕುರ್ಚಿಯ ಗುರುತು ಹಿಡಿದರು.

“ಮೇಡಂ, ಇಲ್ಲೇ ಕುರ್ಚಿಗಳಿವೆ.”

“ಗೊತ್ತು” ಎಂದೆ. ಹಸಿರು ಕುರ್ಚಿ ಬಿಡಿಸಿ ಹುಡುಗಿಯನ್ನು ಕೂರಿಸಿದೆ. ಚೀಲದಿಂದ ಒಣ ಅವರೆಕಾಯಿ ತೆಗೆದು, ಅರ್ಧ ಅವಳ ಮಡಿಲಿಗೆ ಸುರಿದೆ.