ವರ್ನಕ್ಕನ ಬೋರಲು ಹಂಡೆ

ನಮ್ಮೂರ ಶಾಲೆಯ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದ ವರ್ನಕ್ಕನಿಗೆ ಎರಡೇ ಹಟ. ಒಂದು, ಅವಳ ಮಾಂಸದ ಸ್ಟ್ಯೂಗೆ ಯಾರೂ ಸಕ್ಕರೆ ಹಾಕಕೂಡದು. ಇನ್ನೊಂದು, ಕಾಲೇಜು ಫುಟ್‌ಬಾಲಿನಲ್ಲಿ ದೇಶದ ಪಟ್ಟಕ್ಕೆ ಸೆಣಸುವ ಪ್ಲೇಆಫ್‌ಗೆ ನಾಲ್ಕೇ ತಂಡ ಸಾಕು. ಮೊದಲನೆಯದನ್ನು ಜಾರ್ಜಿಯಾ ರಾಜ್ಯದ ಈ ಮೂಲೆಯಲ್ಲಿ ಎಲ್ಲರೂ ಒಪ್ಪಿದ್ದೆವು. ಎರಡನೆಯದನ್ನು ಹೋಯ್ಟ್ ಒಪ್ಪಿರಲಿಲ್ಲ. ಹೋಯ್ಟ್ ಅವಳ ಮೈದುನ, ಕ್ಷೌರದಂಗಡಿಯವನು. ಬಾಯಿ ಕತ್ತರಿಗಿಂತ ಚುರುಕು.

ನಮ್ಮ ಕಾಲೇಜಿನ ಆಟ ಊರಲ್ಲಿ ನಡೆಯುವ ಪ್ರತಿ ಶನಿವಾರ, ಸ್ಟೇಡಿಯಂ ಪಕ್ಕದ ಪಿಕಾನ್ ಮರದ ಕೆಳಗೆ, ವರ್ನಕ್ಕನ ತಾಯಿಯ ಕಾಲದ ಕಬ್ಬಿಣದ ಹಂಡೆ ಒಲೆಯೇರುತ್ತಿತ್ತು. ಕೋಳಿ, ಹಂದಿಮಾಂಸ, ಜೋಳ, ಟೊಮ್ಯಾಟೊ. ಇಪ್ಪತ್ತು ವರ್ಷದಿಂದ ಈರುಳ್ಳಿ ಹೆಚ್ಚುವವನು ನಾನು. ಸರಿಯಾಗಿ ಹೆಚ್ಚುತ್ತೇನೆಂದು ಅವಳು ಇವತ್ತಿಗೂ ಒಪ್ಪಿಲ್ಲ. ನವೆಂಬರಿನ ಕೊನೆಯ ಆಟ ಮುಗಿದ ಮೇಲೆ ಹಂಡೆಯನ್ನು ತಿಕ್ಕಿ, ಹಂದಿಕೊಬ್ಬು ಸವರಿ, ಶೆಡ್ಡಿನಲ್ಲಿ ಬೋರಲು ಹಾಕುವುದು. ಬೋರಲು ಹಾಕಿದ್ದನ್ನು ಸೆಪ್ಟೆಂಬರಿಗೆ ಮೊದಲು ಎತ್ತಿದರೆ ತಂಡಕ್ಕೆ ಕೇಡು ಎಂದು ಅವಳ ತಾಯಿ ಹೇಳಿಹೋಗಿದ್ದಳು.

ನಾಲ್ಕು ತಂಡವನ್ನು ಹನ್ನೆರಡು ಮಾಡಿ, ಮೊದಲ ಸುತ್ತನ್ನು ಡಿಸೆಂಬರಿನಲ್ಲಿ ಕೆಲವು ತಂಡಗಳ ಊರಲ್ಲೇ ಆಡಿಸುವ ಮಾತೆದ್ದಾಗ ಮರದ ಕೆಳಗೆ ಜಗಳವೋ ಜಗಳ.

"ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರೋ?" ಎಂದಳು ವರ್ನಕ್ಕ. "ಎರಡು ಸಲ ಸೋತೋರನ್ನೂ ಕರೆದು ಕೂರಿಸಿದ್ರೆ, ಸೋತ ದಿನ ನಾವು ನಿದ್ದೆಗೆಡೋದಾದ್ರೂ ಯಾಕೆ?"

"ನಮ್ಮಂಥ ಸಣ್ಣೋರು ಯಾವತ್ತೂ ಬಾಗಿಲಲ್ಲೇ ನಿಂತಿರಬೇಕಾ ಅತ್ತಿಗೆ?" ಎಂದ ಹೋಯ್ಟ್.

"ನಿಂತ್ಕೋ, ಕಾಲು ಗಟ್ಟಿಯಾಗುತ್ತೆ. ಡಿಸೆಂಬರಲ್ಲಿ ಈ ಊರಲ್ಲಿ ಆಟ ನಡೆದ್ರೆ ನಾನು ಹಂಡೆ ಮುಟ್ಟಲ್ಲ. ಬರ್ಕೋ."

ಹೋಯ್ಟ್ ಬರೆದೇ ಬಿಟ್ಟ, ಅಂಗಡಿಯ ಕನ್ನಡಿಯ ಮೂಲೆಯಲ್ಲಿ, ಸೋಪಿನಿಂದ. ಪ್ರತಿ ಸೋಮವಾರ ಕನ್ನಡಿ ಒರೆಸಿದರೂ ಆ ಮೂಲೆ ಮಾತ್ರ ಬಿಡುತ್ತಿದ್ದ.

ತಂಡಗಳು ಹನ್ನೆರಡಾದವು. ಕಳೆದ ವರ್ಷ ನಮ್ಮವರು ಎರಡು ಆಟ ಸೋತರು, ವರ್ನಕ್ಕ ನಿಟ್ಟುಸಿರಿಟ್ಟು ಹಂಡೆ ಬೋರಲು ಹಾಕಿದಳು. ಮುಂದಿನ ಭಾನುವಾರ ಟಿವಿಯಲ್ಲಿ ಆಯ್ಕೆಯಾದವರ ಹೆಸರು ಓದುವಾಗ ನಾವೆಲ್ಲ ಅವಳ ಹಜಾರದಲ್ಲಿದ್ದೆವು. ಎಂಟನೆಯ ಹೆಸರು ನಮ್ಮದು! ಎಂಟನೆಯವರೆಂದರೆ ಮೊದಲ ಸುತ್ತು ಸ್ವಂತ ಮೈದಾನದಲ್ಲಿ. ಎಲ್ಲರಿಗಿಂತ ಮೊದಲು ಸೋಫಾದಿಂದ ಹಾರಿದವಳು ಎಪ್ಪತ್ತೆರಡರ ವರ್ನಕ್ಕ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಆಡಿದ ಮಾತು ನೆನಪಾಗಿ ಮುಖ ಇಳಿಯಿತು. ಹೋಯ್ಟ್ ಗಾಳಿಯಲ್ಲೇ ಕನ್ನಡಿ ಒರೆಸಿ ತೋರಿಸಿದ. ಅದೇ ಅವಳನ್ನು ಹೆಚ್ಚು ಉರಿಸಿತು.

ಆಟದ ಹಿಂದಿನ ದಿನ, ಯಾರೂ ಕರೆಯದಿದ್ದರೂ, ಈರುಳ್ಳಿ ಚೀಲ ಹೊತ್ತು ವರ್ನಕ್ಕನ ಮನೆಗೆ ಹೋದೆ. ಶೆಡ್ಡಿನಲ್ಲಿ ಹಂಡೆಯ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂತಿದ್ದಳು.

"ಆ ಕನ್ನಡಿ ಮಾತು ಹೋಗ್ಲಿ, ನುಂಗ್ಕೋತೀನಿ," ಎಂದಳು. "ಇದನ್ನ ಎತ್ತಿ, ಅವರು ಸೋತ್ರೆ? ಹುಡುಗ್ರು ಇಷ್ಟು ದೂರ ಬಂದಿದಾರೆ ಕಣೋ."

"ನಿಮ್ಮಮ್ಮ ಡಿಸೆಂಬರಲ್ಲಿ ಇಲ್ಲಿ ಆಟ ನೋಡಿದ್ರಾ ಅಕ್ಕ?"

"ಎಲ್ಲಿ ನೋಡ್ತಾಳೆ!"

"ಇದ್ದಿದ್ರೆ ಖಾಲಿ ಹೊಟ್ಟೇಲಿ ನೋಡ್ತಿದ್ರಾ?"

ಅವಳು ಹಂಡೆಯನ್ನು ದಿಟ್ಟಿಸಿದಳು. ಆಮೇಲೆ ಭುಜ ಕುಲುಕಿಸಿ ನಕ್ಕಳು. "ನಮ್ಮಮ್ಮನಾ? ಹಂಡೆ ಏನು, ಸ್ಟೇಡಿಯಮ್ಮನ್ನೇ ಎತ್ತಿರೋಳು. ಹಿಡಿ ಆ ಕಡೆ."

ಮರುದಿನ ಮರದ ಕೆಳಗೆ ಹೊಗೆಯೆದ್ದಾಗ ಪಾರ್ಕಿಂಗ್ ಬಯಲಿಡೀ ಚಪ್ಪಾಳೆ. ಮೊದಲ ಬಟ್ಟಲನ್ನು ವರ್ನಕ್ಕ ಮೈದುನನ ಕೈಗಿಟ್ಟಳು: "ನೀನೇ ಗೆದ್ದೆ. ಬಾಯ್ಮುಚ್ಚಿ ತಿನ್ನು." ವರ್ಷಗಟ್ಟಲೆ ವಾದಿಸಿ ಗೆದ್ದವನ ಕಣ್ಣಲ್ಲಿ ನೀರು; ಹೊಗೆ ಅಂದ.

ನಮ್ಮವರು ಮೂರು ಅಂಕದಿಂದ ಗೆದ್ದರು. ನನಗೆ ನನ್ನ ಮದುವೆಯಲ್ಲೂ ಅಷ್ಟು ಸಂತೋಷವಾಗಿರಲಿಲ್ಲ, ಹೆಂಡತಿಗೆ ಹೇಳಬೇಡಿ.

ಮುಂದಿನ ಸುತ್ತು ದೂರದೂರಲ್ಲಿ. ನಮ್ಮೂರಲ್ಲಿ ಆ ವರ್ಷದ ಆಟ ಮುಗಿದಂತೆ. ಶೆಡ್ಡಿನಲ್ಲಿ ಹಂಡೆ ತಿಕ್ಕುತ್ತ ವರ್ನಕ್ಕ ತೀರ್ಪು ಕೊಟ್ಟಳು: "ಹನ್ನೆರಡು ಸರಿ. ಅದರ ಮೇಲೆ ಒಂದೂ ಬೇಡ."

"ಈಗ ಹದಿನಾರು, ಇಪ್ಪತ್ನಾಲ್ಕು ಅಂತಿದಾರೆ ಅತ್ತಿಗೆ," ಎಂದ ಹೋಯ್ಟ್. "ಮುಂದಿನ ವರ್ಷ ನಾವು ಹದಿಮೂರನೆಯೋರಾದ್ರೆ?"

ಅವಳು ಕೊಬ್ಬು ಸವರಿ ಮುಗಿಸಿದಳು. ಬೋರಲು ಹಾಕಲು ನಾನು ಹಂಡೆಯ ಅಂಚಿಗೆ ಕೈ ಹಾಕಿದೆ.

"ಬಿಡೋ," ಎಂದಳು. "ಹಾಗೇ ಇರ್ಲಿ."