ಯಾರೂ ಕೂರಬಾರದ ಕಾರು

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ನಾನು ಮೂವತ್ತು ವರ್ಷ ಚಿತ್ರಕಲೆ ಕಲಿಸಿದೆ. ಮಾವಿನಕಾಯಿ, ಹೂಜಿ, ಗುಡ್ಡದ ನಡುವಿನ ಸೂರ್ಯ, ಇಷ್ಟರ ಆಚೆಗೆ ನನ್ನ ವಿದ್ಯಾರ್ಥಿಗಳೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅಂಥವನ ಮನೆಯ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಅಮೆರಿಕದ ಕಾರೊಂದು ನಿಂತಿತ್ತು ಎಂದರೆ ಹೊಸಬರು ನಂಬುತ್ತಿರಲಿಲ್ಲ. ನಂಬಿದವರು ನನ್ನ ತಲೆಯ ಬಗ್ಗೆ ಚಿಂತೆ ಮಾಡುತ್ತಿದ್ದರು.

ಪರೀಕ್ಷೆಯ ಕೆಲಸಕ್ಕೆಂದು ಇಂಡಿಗೆ ಹೋದಾಗ ಪರಿಚಯದವರೊಬ್ಬರ ಲಿಂಬೆ ತೋಟದಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಯಾವ ಕಾಲದಲ್ಲೋ ಒಬ್ಬ ಗುತ್ತಿಗೆದಾರ ಮುಂಬಯಿಯಿಂದ ತಂದು, ಕೆಟ್ಟ ಮೇಲೆ ಅಲ್ಲೇ ಬಿಟ್ಟು ಹೋಗಿದ್ದನಂತೆ. ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್ನು, ಮೇಲೆ ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಛಾವಣಿ. ಛಾವಣಿ ಹರಿದು ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಕಾರು ಬೇಕಾದರೆ ಒಯ್ಯಿರಿ, ಆದರೆ ಕೋಳಿಯನ್ನು ಎಬ್ಬಿಸಬೇಡಿ ಎಂದರು ತೋಟದವರು. ಮರಿ ಹೊರಬರುವ ತನಕ ಮೂರು ವಾರ ಕಾದೆ. ಆ ಮೂರು ವಾರದಲ್ಲಿ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಅದರ ತಗಡಿನ ಕೆಲಸವನ್ನು ಸಿಂದಗಿಯ ಮೇಸ್ತ್ರಿಯೊಬ್ಬರು ಮಾಡಿದರು. ಕಾಳು ತುಂಬುವ ತಗಡಿನ ಡಬ್ಬಿಗಳಿಗೆ ಹೆಸರಾದ ಮನೆತನ ಅವರದು. ಸೀಟುಗಳನ್ನು ಬಸವನ ಬಾಗೇವಾಡಿಯಲ್ಲಿ ಜೀಪಿನ ಸೀಟು ಹೊಲಿಯುವವನ ಹತ್ತಿರ ಹೊಲಿಸಿದೆ. ಬಿಳಿ ರೆಕ್ಸಿನ್ನು ಬೇಕು ಎಂದಾಗ ಅವನು ನನ್ನನ್ನು, ರಸ್ತೆಯ ಧೂಳನ್ನು, ಮತ್ತೆ ನನ್ನನ್ನು ನೋಡಿದ. ಈ ಕಾರಿನ ಬಗೆಗಿನ ಪುಸ್ತಕದ ಚಿತ್ರದಲ್ಲಿ ಬಿಳಿ ಇದೆ ಎಂದೆ. ಚಿತ್ರದವರು ಇಲ್ಲಿಗೆ ಬಂದು ಕೂರುತ್ತಾರೇನು ಎಂದು ಕೇಳಿದ. ಅವನಿಗೇನು ಗೊತ್ತು, ಯಾರೂ ಕೂರಬಾರದು ಎಂದೇ ನಾನು ಹೊಲಿಸುತ್ತಿದ್ದೆ.

ಕಾರು ಮುಗಿದದ್ದೇ ತಡ, ಹೆಂಡತಿ ಒಂದೇ ಮಾತು ಹೇಳಿದಳು: ಶೆಡ್ಡು ಖಾಲಿ ಮಾಡಿ. ಓಣಿಯ ಆರೇಳು ಹೆಣ್ಣುಮಕ್ಕಳೊಂದಿಗೆ ಸೇರಿ ಖಡಕ್ ರೊಟ್ಟಿ ಮಾಡಿ ಮಾರಬೇಕೆಂದು ಅವಳಿಗೆ ಎಷ್ಟೋ ವರ್ಷದ ಆಸೆ. ನಮ್ಮ ಅಡುಗೆಮನೆಯಲ್ಲಿ ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕು. ಒಲೆ ಹೂಡುವುದಕ್ಕೆ ಶೆಡ್ಡೇ ಸರಿ ಎಂದು ಅವಳು ಜಾಗ ಅಳೆದು ಸೀಮೆಸುಣ್ಣದ ಗೆರೆ ಕೂಡ ಎಳೆದಿದ್ದಳು. ಆ ಗೆರೆಯ ಮೇಲೇ ಕಾರಿನ ಗಾಲಿ ನಿಂತಿತ್ತು. ಹನ್ನೊಂದು ವರ್ಷ ಸುಮ್ಮನಿದ್ದವಳ ಮುಂದೆ ಹನ್ನೆರಡನೆಯ ವರ್ಷದ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಮಾರಲು ಒಪ್ಪಿದೆ.

ಇನ್ನು ಡ್ರೈವರ್ ಕಾಕಾನ ವಿಷಯ. ಅವರು ನಮ್ಮ ಎದುರು ಮನೆಯವರು. ಮುದ್ದೇಬಿಹಾಳ, ತಾಳಿಕೋಟೆ, ಸಿಂದಗಿಯ ಹಾದಿಯಲ್ಲಿ ಕೆಂಪು ಬಸ್ಸು ಓಡಿಸಿ ನಿವೃತ್ತರಾಗಿ, ಎಂಬತ್ತು ದಾಟಿದ್ದರು. ದಿನಾ ಸಂಜೆ ತಮ್ಮ ಮನೆಯ ಕುರ್ಚಿಯನ್ನು ತಾವೇ ಹೊತ್ತು ತಂದು ಶೆಡ್ಡಿನ ಮುಂದೆ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದರು. ಸ್ಟೇರಿಂಗು ಎಡಕ್ಕಿರುವುದು ಅವರಿಗೆ ಕೊನೆಯವರೆಗೂ ಸಮಾಧಾನವಾಗಲಿಲ್ಲ. ಕ್ಲೀನರ್ ಕೂರುವ ಕಡೆ ಡ್ರೈವರನ್ನು ಕೂರಿಸಿದವರ ಮನೆ ಹೇಗೆ ಉದ್ಧಾರವಾಗುತ್ತದೆ ಎನ್ನುತ್ತಿದ್ದರು. ಆದರೂ ಒಮ್ಮೆ ಆ ಸ್ಟೇರಿಂಗಿನ ಮುಂದೆ ಕೂರಬೇಕು ಎಂದು ಅವರ ಜೀವ ಹಾತೊರೆಯುತ್ತಿತ್ತು. ಬಾಯಿಬಿಟ್ಟು ಕೇಳುತ್ತಲೂ ಇದ್ದರು.

ನಾನು ಕೊಡಲಿಲ್ಲ. ಅವರ ಎಡಗೈಯಲ್ಲಿ ಸದಾ ತಂಬಾಕು, ಬಲಗೈ ಹೆಬ್ಬೆರಳಿಗೆ ಸುಣ್ಣ. ನನ್ನ ಸೀಟು ಹಾಲಿನಷ್ಟು ಬಿಳಿ. ಮೊದಲು ಬಣ್ಣ ಹಸಿ ಇದೆ ಎಂದೆ, ಆಮೇಲೆ ಸೀಟು ಗಟ್ಟಿಯಾಗಿ ಕೂತಿಲ್ಲ ಎಂದೆ, ಆಮೇಲೆ ಬ್ಯಾಟರಿ ಎಂದೆ. ಬ್ಯಾಟರಿಗೂ ಕೂರುವುದಕ್ಕೂ ಏನು ಸಂಬಂಧ ಎಂದು ಮೂವತ್ತು ವರ್ಷ ಬಸ್ಸು ಓಡಿಸಿದವರಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ನಕ್ಕು, ಧೋತರಕ್ಕೆ ಕೈ ಒರೆಸಿಕೊಂಡು, ಕುರ್ಚಿಯಲ್ಲೇ ಕೂರುತ್ತಿದ್ದರು.

ಗಿರಾಕಿ ಸಿಕ್ಕಿದ್ದು ಚಡಚಣದಲ್ಲಿ. ದ್ರಾಕ್ಷಿ ವ್ಯಾಪಾರಿ, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವವರು. ಮಗನ ಮದುವೆಯ ಮೆರವಣಿಗೆಗೆ ತೆರೆದ ಕಾರು ಬೇಕಿತ್ತು. ಫೋನಿನಲ್ಲಿ ಅವರದು ಒಂದೇ ಷರತ್ತು: ಮದುಮಕ್ಕಳಿಗಿಂತ ಮೊದಲು ಅದರಲ್ಲಿ ಯಾರೂ ಕೂತು ಮೆರೆದಿರಬಾರದು, ಬೇರೆಯವರು ಉಟ್ಟು ಬಿಟ್ಟ ಧಾರೆ ಸೀರೆಯನ್ನು ಯಾರಾದರೂ ತರುತ್ತಾರೆಯೇ? ನಾನು ಕಂಡಂದಿನಿಂದ ಕೋಳಿಯನ್ನು ಬಿಟ್ಟರೆ ಯಾರೂ ಕೂತಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ರವಿವಾರ ಹತ್ತು ಗಂಟೆಗೆ ಬರುತ್ತೇನೆ ಎಂದರು.

ಶುಕ್ರವಾರ ಸಂಜೆ ಕಾಕಾ ಬಂದರು. ಅವತ್ತು ಕುರ್ಚಿ ತಂದಿರಲಿಲ್ಲ.

"ರವಿವಾರ ಗಾಡಿ ಹೋಗತೈತಂತ. ಇವತ್ತರೆ ಒಮ್ಮಿ ಕುಂದರ್ಲೇನ್ರಿ ಮಾಸ್ತರ?"

ಕೈ ಮುಂದೆ ಚಾಚಿದ್ದರು. ತೊಳೆದು ಬಂದಿದ್ದರು, ನೀರು ಇನ್ನೂ ಆರಿರಲಿಲ್ಲ. ನಾನು ಗಿರಾಕಿಯ ಷರತ್ತನ್ನು ವಿವರಿಸಿದೆ. ವ್ಯವಹಾರ ಮುಗಿಯಲಿ ಕಾಕಾ, ಅವರಿಗೆ ನಾನೇ ಹೇಳಿ ನಿಮ್ಮನ್ನು ಕೂರಿಸುತ್ತೇನೆ ಎಂದೆ. ಆಯಿತು ಬಿಡಿ ಎಂದು ಹೊರಟರು. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ನನಗೆ ಬೆನ್ನು ತಿರುಗಿಸಿ ಒಳಗೆ ಹೋದಳು.

ರವಿವಾರ ಬೆಳಗ್ಗೆ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಗೋಡೆಗೆ ಒರಗಿದ ಕಾಕಾ ಮತ್ತೆ ಏಳಲಿಲ್ಲ.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂರಿಸಿ ಭಜನೆಯೊಂದಿಗೆ ಒಯ್ಯುತ್ತಾರೆ. ಎಂಟು ಗಂಟೆಗೆ ಕಾಕಾನ ಮಗ ನಮ್ಮ ಅಂಗಳಕ್ಕೆ ಬಂದು ನಿಂತ. ಅವನಿಗೂ ಐವತ್ತು ದಾಟಿದೆ. ತಲೆ ತಗ್ಗಿಸಿಕೊಂಡೇ ಹೇಳಿದ:

"ಅಪ್ಪ ನಿನ್ನಿ ಹೇಳ್ಯಾನ್ರಿ. ನಾ ಸತ್ತರ ವಿಮಾನ ಕಟ್ಟಬ್ಯಾಡ್ರಿ, ಮಾಸ್ತರ ಗಾಡ್ಯಾಗ ಕುಂದ್ರಿಸ್ರಿ, ಆವಾಗ ಅವರೂ ಒಲ್ಲೆ ಅನ್ನಾಂಗಿಲ್ಲ ಅಂತ."

ನನ್ನ ಕಣ್ಣು ಗಡಿಯಾರದ ಕಡೆ ಹೋಯಿತು. ಹೋಯಿತು ಎಂದು ಈಗ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಗಿರಾಕಿ, ಷರತ್ತು, ಹತ್ತು ಗಂಟೆ ಎಂದು ಏನೋ ತೊದಲಿದೆ. ಹೆಂಡತಿ ಒಳಗಿನಿಂದ ಬಂದಳು. ನಮ್ಮದು ಮಡಿ-ಮೈಲಿಗೆಯ ಮನೆ. ಓಣಿಯಲ್ಲಿ ಹೆಣವಿದ್ದರೆ ಒಲೆ ಹಚ್ಚದವಳು ಅವಳು. ಮೊಳೆಯ ಮೇಲಿನ ಕೀಲಿ ತೆಗೆದು ನನ್ನ ಕೈಗಿಟ್ಟಳು.

"ರೊಟ್ಟಿ ಮುಂದ ನೋಡೂಣು. ಮೊದಲ ಗಾಡಿ ಹೊರಗ ತಗೀರಿ."

ಮದುಮಕ್ಕಳು ಕೂರುವ ಹಾಗೆ, ಹಿಂದೆ ಮಡಚಿದ ಛಾವಣಿಯ ಮೇಲೆ ಕಾಕಾನನ್ನು ಕೂರಿಸಿದರು. ನಾನು ಎಂಜಿನ್ನು ಚಾಲೂ ಮಾಡಿದೆ. ಆ ಎಂಜಿನ್ನು ಹುಟ್ಟಿದ್ದೇ ಗಾಳಿಯ ಜೊತೆ ಪೈಪೋಟಿಗೆ, ಹೆಣದ ಮುಂದೆ ನಡೆಯುವವರ ಹೆಜ್ಜೆಗಲ್ಲ. ಅದರ ಗುಡುಗಿನಲ್ಲಿ ಭಜನೆ ಕೇಳದಂತಾಯಿತು. ಭಜನೆಯವರು ಹಟಕ್ಕೆ ಬಿದ್ದು ತಾಳವನ್ನು ಇನ್ನೂ ಜೋರಾಗಿ ಬಡಿದರು. ನಾನು ನಿಧಾನ ಮಾಡಿದಷ್ಟೂ ಕಾರು ಬಿಸಿಯಾಗಿ, ಓಣಿ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಉಗಿ ಎದ್ದು, ಒಮ್ಮೆ ಕೆಮ್ಮಿ, ನಿಂತೇಬಿಟ್ಟಿತು. ಒಂದೇ ದಿನ ಎರಡು ಹೆಣವಾಯಿತಲ್ಲ ಎಂದು ಹಿಂದಿನಿಂದ ಯಾರೋ ಅಂದರು.

ನೂಕೋಣ ಎಂದು ತೀರ್ಮಾನವಾಯಿತು. ಆಗ ಮುಂದೆ ಬಂದವರು ಕಾಕಾನ ಹಳೆಯ ಕಂಡಕ್ಟರು. ಸುದ್ದಿ ತಿಳಿದು ತಾಳಿಕೋಟೆಯಿಂದ ಸಿಕ್ಕ ಬಸ್ಸು ಹಿಡಿದು ಬಂದಿದ್ದ ಮುದುಕರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಇದು ತಪ್ಪು ಎಂದರು.

"ನಮ್ಮ ಡ್ರೈವರ್ ಹಿಂದ ಕುಂತ ಹ್ವಾದದ್ದ ನಾ ಎಂದೂ ನೋಡಿಲ್ಲ. ಎಂಜಿನ್ ಹೆಂಗೂ ಬಂದ್ ಐತಿ, ಮುಂದ ಕುಂದ್ರಿಸ್ರಿ."

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಕಾಕಾನನ್ನು ಇಳಿಸಿ ಸ್ಟೇರಿಂಗಿನ ಮುಂದೆ ಕೂರಿಸಿ, ಶಲ್ಯದಿಂದ ಸೀಟಿಗೆ ಬಿಗಿದು, ಎರಡೂ ಕೈಗಳನ್ನು ಚಕ್ರದ ಮೇಲಿಟ್ಟು ಹೂವಿನ ಸರದಿಂದ ಕಟ್ಟಿದರು. ಆದರೆ ಗಾಡಿಯನ್ನು ತಿರುಗಿಸುವವರು ಯಾರು? ಎಲ್ಲರೂ ನನ್ನನ್ನು ನೋಡಿದರು. ನಾನು ಬಲಗಡೆಯ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಮುದುರಿ ಕೂತು, ಹೊರಗಿನವರಿಗೆ ಕಾಣದಂತೆ ಅಲ್ಲಿಂದಲೇ ಕೈ ಚಾಚಿ ಚಕ್ರದ ತಳ ಹಿಡಿದೆ. ಎಂಜಿನ್ನು ನಿಂತಾಗ ಆ ಸ್ಟೇರಿಂಗು ಬೀಸುಕಲ್ಲಿಗಿಂತ ಬಿರುಸು. ಮುಂದಕ್ಕೆ ಎಳೆಯಲು ಎರಡು ಹಗ್ಗ, ಇಳಿಜಾರಿನಲ್ಲಿ ತಡೆಯಲು ಹಿಂದೆ ಎರಡು ಹಗ್ಗ. ಕಂಡಕ್ಟರು ಹಿಂದೆ ನಿಂತು "ರೈಟ್" ಎಂದರು. ಮೆರವಣಿಗೆ ಹೊರಟಿತು.

ಹೊರಗೆ ಏನಾಯಿತೆಂದು ನಾನು ನೋಡಲಿಲ್ಲ, ಕೇಳಿದೆ. ಡ್ರೈವರ್ ಕಾಕಾ ತಾವೇ ಗಾಡಿ ಹೊಡೆದುಕೊಂಡು ಹೊರಟಿದ್ದಾರೆ ಎಂದು ಜನ ಅಂಗಡಿ ಬಿಟ್ಟು ಓಡಿಬಂದರು. ತಾಳಿಕೋಟೆ ರಸ್ತೆಯಲ್ಲಿ ಎದುರಿಗೆ ಬಂದ ಬಸ್ಸು ನಡುರಸ್ತೆಯಲ್ಲೇ ನಿಂತು, ಅದರ ಡ್ರೈವರ್ ಕೆಳಗಿಳಿದು ಸಲಾಮು ಹೊಡೆದನಂತೆ. ಹಿಂದೆ ಲಾರಿ, ಟ್ರ್ಯಾಕ್ಟರು, ಆಟೋ ಎಲ್ಲ ನಿಂತವು. ಎಡಕ್ಕೆ, ಬಲಕ್ಕೆ ಎಂದು ಕಂಡಕ್ಟರು ಕೂಗಿದಂತೆ ನಾನು ಚಕ್ರ ತಿರುಗಿಸುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಕಾಕಾನ ಎರಡು ಪಾದ ಮಾತ್ರ. ಒಡೆದ ಹಿಮ್ಮಡಿಯ ಬರಿಗಾಲು, ಅದರಲ್ಲೊಂದು ಪೆಡಲ್ಲಿನ ಮೇಲೆ ಸರಿಯಾಗಿ ಕೂತಿತ್ತು. ತಿರುವುಗಳಲ್ಲಿ ಅವರ ಮೊಣಕಾಲು ನನ್ನ ಭುಜಕ್ಕೆ ತಾಗುತ್ತಿತ್ತು. ಅಷ್ಟು ಹತ್ತಿರ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಭಜನೆಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಕಾಕಾನ ಹೊಲ ಬಂದಾಗ ಕಂಡಕ್ಟರು "ಹೋಲ್ಡಾನ್" ಎಂದರು. ಆ ಒಂದು ಕೂಗಿಗೆ ಮಾತ್ರ ಅವರ ಧ್ವನಿ ಒಡೆಯಿತು.

ಮಣ್ಣು ಮಾಡಿ ಮುಗಿದ ಮೇಲೆ ಬದುವಿನ ಮೇಲೆ ನಿಂತಿದ್ದೆ. ಗಾಂಧಿ ಟೊಪ್ಪಿಗೆಯ ದಪ್ಪ ಮನುಷ್ಯರೊಬ್ಬರು ಹತ್ತಿರ ಬಂದರು. ಚಡಚಣದ ವ್ಯಾಪಾರಿ. ಅವರ ಜೀಪು ಆ ಬಸ್ಸಿನ ಹಿಂದೆ ಸಿಕ್ಕಿಬಿದ್ದಿತ್ತು. ಇಳಿದು, ಚಪ್ಪಲಿ ಬಿಟ್ಟು, ಎಲ್ಲರ ಜೊತೆ ನಡೆದುಬಂದಿದ್ದರು. ಕೆಲಸಕ್ಕೆ ಹೊರಟಾಗ ಹೆಣ ಎದುರಾದರೆ ಶುಭಶಕುನ ಎನ್ನುತ್ತಾರೆ. ಆದರೆ ಕೊಳ್ಳಬೇಕಾದ ಗಾಡಿಯನ್ನು ಹೆಣವೇ ಓಡಿಸಿಕೊಂಡು ಎದುರಿಗೆ ಬಂದರೆ ಏನೆನ್ನಬೇಕು? ಅವರು ತಮ್ಮ ಪುರೋಹಿತರಿಗೆ ಫೋನು ಮಾಡಿ ಕೇಳಿದ್ದರಂತೆ. ಪುರೋಹಿತರು ಎಲ್ಲ ಕೇಳಿ, ರೇಂಜ್ ಸಿಗುತ್ತಿಲ್ಲ ಎಂದು ಇಟ್ಟುಬಿಟ್ಟರಂತೆ.

ಅವರು ಕಾರಿನ ಸುತ್ತ ನಡೆದು ನೋಡಿದರು. ಯಜಮಾನರಿಗೆ ಈ ಗಾಡಿಯ ಮೇಲೆ ಬಹಳ ಜೀವ ಇದ್ದಂತೆ ಕಾಣುತ್ತದೆ, ಇದ್ದಾಗ ದಿನಾ ಕೂತು ಅಡ್ಡಾಡುತ್ತಿದ್ದರೇನು ಎಂದು ಕೇಳಿದರು. ಷರತ್ತಿನ ಪ್ರಕಾರ ನಾನು ಏನು ಹೇಳಬೇಕೋ ಅದೇ ನಿಜವೂ ಆಗಿತ್ತು. ಆದರೂ ಅದನ್ನು ಹೇಳುವುದು ಸುಳ್ಳು ಹೇಳುವುದಕ್ಕಿಂತ ಕಷ್ಟವಾಗಿತ್ತು.

"ಒಮ್ಮಿನೂ ಕುಂತಿಲ್ರಿ," ಎಂದೆ ಕಡೆಗೆ. "ಭಾಳ ಸಲ ಕೇಳಿದ್ರು. ಸೀಟು ಹೊಲಸಾಗತೈತಿ ಅಂತ ನಾನ ಕುಂದರಗೊಡಲಿಲ್ಲ."

ವ್ಯಾಪಾರಿ ನನ್ನ ಮುಖವನ್ನೇ ನೋಡಿದರು. ಉಗುಳಿ ಹೋಗುತ್ತಾರೆ ಎಂದುಕೊಂಡೆ. ಹೋಗಿದ್ದರೆ ಒಳ್ಳೆಯದಿತ್ತು.

"ಇಂಥಾದ್ದ ಬಾಯಿಬಿಟ್ಟ ಹೇಳೂ ಮನಷ್ಯಾ ಎಂಜಿನ್ ಬಗ್ಗೆ ಸುಳ್ಳ ಹೇಳಾಂಗಿಲ್ರಿ. ಗಾಡಿ ನಂದು."

ಮದುವೆಗೆ ಕುದುರೆ ತರಿಸುವುದಾಗಿ ಹೇಳಿದರು, ಕಾರು ತಮಗೇ ಇರಲಿ ಎಂದರು. ಒಂದು ಪೈಸೆಯ ಚೌಕಾಸಿ ಮಾಡಲಿಲ್ಲ. ಸಂಜೆಯೊಳಗೆ ಅದನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಹನ್ನೊಂದು ವರ್ಷದ ಕೆಲಸ ತೋರಿಸಿದರೂ ಯಾರೂ ಹಾಗೆ ಒಂದೇ ಮಾತಿಗೆ ಕೊಳ್ಳುತ್ತಿರಲಿಲ್ಲ. ನನ್ನ ಸಣ್ಣತನ ನೋಡಿ ಕೊಂಡರು.

ಈಗ ಶೆಡ್ಡಿನಲ್ಲಿ ನಾಲ್ಕು ಒಲೆ ಉರಿಯುತ್ತವೆ, ರೊಟ್ಟಿ ಬಡಿಯುವ ಸದ್ದು ಬೆಳಗಿನಿಂದ ಕೇಳುತ್ತದೆ. ರೊಟ್ಟಿ ಕೊಳ್ಳಲು ಬಂದವರು ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ. ಅಷ್ಟು ಬೆಲೆಯ ಗಾಡಿಯಲ್ಲಿ ಕಾಕಾನನ್ನು ಕೂರಿಸಿ ಕಳಿಸಿದಿರಿ, ದೊಡ್ಡ ಮನಸ್ಸು ನಿಮ್ಮದು ಎನ್ನುತ್ತಾರೆ. ಹಾಗಲ್ಲ, ನಾನು ಅಂಥವನಲ್ಲ ಎಂದು ಹೇಳಿ ನೋಡಿದೆ. ಮಾಸ್ತರು ಎಷ್ಟು ಸಂಕೋಚದವರು ನೋಡಿ ಎಂದು ಮತ್ತೊಮ್ಮೆ ಕೈ ಮುಗಿದು ಹೋಗುತ್ತಾರೆ.